ಮೀನಾಕ್ಷಮ್ಮನವರ ಫೈಲು

"ಎಡಕ್ಕೆ ವಾಲ್ತಿದಾರೆ, ಇನ್ನೊಂದು ದಿಂಬು ಕೊಡ್ರೋ," ಎಂದು ಶಿವರಾಜ್ ತಮ್ಮ ಅಣ್ಣನ ಬೆನ್ನಿಗೆ ಕೈಕೊಟ್ಟು ನಿಂತರು. ಕತ್ರಿಗುಪ್ಪೆಯ ಮನೆಯ ವರಾಂಡದಲ್ಲಿ ಡಾಕ್ಟರ್ ಗೌರೀಶಂಕರ ಅವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ; ಕೂತೇ ಮಣ್ಣಿಗೆ ಹೋಗಬೇಕು.

ಹೆಂಡತಿ ಮೀನಾಕ್ಷಮ್ಮ ಅಲ್ಲಿರಲಿಲ್ಲ. ಮುಂದಿನ ಕೋಣೆಯ ಕ್ಲಿನಿಕ್ಕಿನಲ್ಲಿ ಬೀರು ತೆಗೆದು ಹುಡುಕುತ್ತಿದ್ದರು.

"ಅಮ್ಮ, ಪೇಶೆಂಟುಗಳು ಫೈಲ್ ಕೇಳ್ತಾವ್ರೆ," ಎಂದ ಕಾಂಪೌಂಡರ್ ಉಗ್ರಪ್ಪ. "ಅವರವರದ್ದು ಅವರಿಗೇ ಕೊಟ್ಬಿಡು, ಉಳಿದಿದ್ದು ಸುಟ್ಬಿಡು ಅಂದಿದ್ರು ಸಾರ್. ನೀವೇನು ಹುಡುಕ್ತಾ ಇದೀರ?"

"ನಂದು."

ಉಗ್ರಪ್ಪ ಮುಖ ನೋಡಲಿಲ್ಲ. "ಕೆಳಗಡೆ ಸಾಲಲ್ಲಿರಬೇಕು, ನೋಡಿ," ಎಂದ.

ಇವರು ನನ್ನ ಬಗ್ಗೆ ಏನು ಬರೆದುಕೊಂಡರು? ಮಣ್ಣಿಗೆ ಕಳಿಸುವ ಮೊದಲು ಅಷ್ಟಾದರೂ ತಿಳಿಯಬೇಕಿತ್ತು ಮೀನಾಕ್ಷಮ್ಮನಿಗೆ.

*

ಗೌರೀಶಂಕರ ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದವರು. ಒಂದು ದಿನ ಜಯದೇವಪ್ಪ ಎಂಬ ರೋಗಿ, "ರಿಪೋರ್ಟೆಲ್ಲ ನಾರ್ಮಲ್ ಅಂತೀರಲ್ಲ ಸಾರ್, ಮತ್ತೆ ಈ ನೋವು ಯಾರ್ದು?" ಎಂದು ಕೇಳಿಬಿಟ್ಟ. ಆ ಪ್ರಶ್ನೆ ತಲೆ ಕೊರೆದು ಕೆಲಸ ಬಿಡಿಸಿತು. ಮನೆಯ ಮುಂಭಾಗದಲ್ಲೇ ಕ್ಲಿನಿಕ್ ತೆಗೆದರು. ಒಬ್ಬೊಬ್ಬರಿಗೆ ಒಂದು ಗಂಟೆ; ಊಟ, ನಿದ್ದೆ, ಸಿಟ್ಟು, ಸೊಸೆಯ ಜಗಳ ಎಲ್ಲ ಕೇಳಿ ಬರೆದುಕೊಳ್ಳುವರು. ಮಾತ್ರೆ ಕಡಿಮೆ, ವಾಕಿಂಗ್ ಜಾಸ್ತಿ. ಬಡಾವಣೆಯವರೆಲ್ಲ ದೇವರಂಥ ಡಾಕ್ಟರು ಎಂದರು. ದೇವರು ಒಳಮನೆಗೆ ಬರುವಷ್ಟರಲ್ಲಿ ಕಿವಿ ಸೋತಿರುತ್ತಿತ್ತು. "ಊಟಕ್ಕೇನು?" "ಫ್ಯಾನ್ ಹಾಕು." ಹೆಂಡತಿಯ ಪಾಲಿಗೆ ಇಷ್ಟೇ.

ಎಂಟು ತಿಂಗಳ ಹಿಂದೆ ಮೀನಾಕ್ಷಮ್ಮ ಒಳ್ಳೆಯ ಸೀರೆ ಉಟ್ಟು ಹೋಗಿ ರೋಗಿಗಳ ಬೆಂಚಿನಲ್ಲಿ ಕೂತರು. ಸರದಿ ಬಂದಾಗ ಗಂಡ ಕನ್ನಡಕ ಸರಿಮಾಡಿಕೊಂಡು, "ಹೇಳಿ, ಏನು ತೊಂದರೆ?" ಎಂದರು. ಮೀನಾಕ್ಷಮ್ಮ ಹೇಳಿದರು, ಇಡೀ ಒಂದು ಗಂಟೆ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. "ಮುಂದಿನ ತಿಂಗಳು ಬನ್ನಿ," ಎಂದರು.

ಅಂದು ಸಂಜೆ ಮನೆಯಲ್ಲಿ ಮತ್ತೆ, "ಊಟಕ್ಕೇನು?"

ನಾಚಿಕೆಯಾದರೂ ಮೀನಾಕ್ಷಮ್ಮ ತಿಂಗಳು ತಿಂಗಳೂ ಹೋದರು. ಆ ಒಂದು ಗಂಟೆಗಾಗಿ ಉಳಿದ ದಿನಗಳನ್ನು ತಳ್ಳುತ್ತಿದ್ದರು.

*

ಫೈಲು ಸಿಕ್ಕಿತು. ಒಂದೇ ಹಾಳೆ, ಗಂಡನ ದುಂಡು ಅಕ್ಷರ.

"ವಯಸ್ಸು ಅರವತ್ತಾರು. ನಿದ್ದೆ ಕಡಿಮೆ. ಮನೆಯಲ್ಲಿ ಮಾತಾಡುವವರಿಲ್ಲ. ಗಂಡನನ್ನು ಕರೆಸಿ ಮಾತಾಡಬೇಕು."

ಅದರ ಕೆಳಗೆ ತಿಂಗಳಿಗೊಂದರಂತೆ ಏಳು ತಾರೀಕು. ಪ್ರತಿಯೊಂದರ ಮುಂದೆಯೂ ಅದೇ ಸಾಲು: "ಗಂಡ ಬಂದಿಲ್ಲ."

ಮೀನಾಕ್ಷಮ್ಮನಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು. ಆಮೇಲೆ, ನಿನ್ನೆಯಿಂದ ಬರದಿದ್ದ ಅಳು.

"ಅತ್ತಿಗೆ, ಗಾಡಿ ಬಂತು. ಅಯ್ನೋರು ಕಾಯ್ತಿದಾರೆ," ಎಂದು ಶಿವರಾಜ್ ಕೂಗಿದರು.

ಕಣ್ಣೊರೆಸಿಕೊಂಡು ಹೊರಬಂದ ಮೀನಾಕ್ಷಮ್ಮ ಒಂದು ಸ್ಟೂಲ್ ಎಳೆದುಕೊಂಡು ಗಂಡನ ಎದುರಿಗೆ ಕೂತರು.

"ಹತ್ತು ನಿಮಿಷ ತಡೀರಪ್ಪ. ಇವರ ಹತ್ರ ಮಾತಾಡೋದಿದೆ."

ಶಿವರಾಜ್ ಗಾಡಿಯವನಿಗೆ ತಡೆಯಲು ಕೈಸನ್ನೆ ಮಾಡಿದರು. ಜನ ಒಬ್ಬೊಬ್ಬರಾಗಿ ಗೇಟಿನಾಚೆ ಸರಿದರು. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಮೀನಾಕ್ಷಮ್ಮ ಗಂಡನ ಕೊರಳಿನ ಹಾರ ಸರಿಮಾಡಿದರು.

"ಬೆಳಿಗ್ಗೆ ಹಾಲು ಒಡೆದ್ಹೋಯ್ತು ರೀ," ಎಂದರು.