ಜೈಲಿನ ಗೃಹಪ್ರವೇಶ

“ಏ ಊರಮ್ಮ, ಮೈ ತೊಳ್ಕಂಡು ಬಂದೀಯೇನೇ ಹಲ್ಕಟ್ ಮುಂಡೆ? ಪರದೇಶದೋರು ಮೂಗು ಮುಚ್ಕಂಡ್ರೆ ನನ್ ಬಿಲ್ಲೇ ನಿಂತೋಗ್ತತೆ,” ಎಂದು ಕಂಟ್ರಾಕ್ಟರ್ ಬಕ್ಕೇಶಪ್ಪ ಗದರಿದ.

ಎಲ್ಲಿ ತೊಳೆದುಕೊಳ್ಳುವುದು? ಹರಿಹರದ ಹೊರಗೆ ಹೊಸ ಜೈಲು ಕಟ್ಟುತ್ತಿದ್ದ ಕೂಲಿಗಳ ತಗಡಿನ ಶೆಡ್ಡುಗಳನ್ನು ಜೆಸಿಬಿ ಅವತ್ತು ಬೆಳಿಗ್ಗೆಯೇ ನೆಲಸಮ ಮಾಡಿತ್ತು. ಜೈಲಿಗೆ ಸಾಲ ಕೊಟ್ಟ ಪರದೇಶದವರು ತಪಾಸಣೆಗೆ ಬರುತ್ತಾರೆ, ಅವರ ಕಣ್ಣಿಗೆ ಹರಕುಮುರುಕು ಬೀಳಬಾರದು ಎಂದು ಅವನದೇ ಅಪ್ಪಣೆ. ಊರಮ್ಮನ ಮಗಳು ರೇವತಿ ಹಸಿ ಬಾಣಂತಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಜಲ್ಲಿ ರಾಶಿಯ ನೆರಳಿಗೆ ಕೂತಿದ್ದಳು. ರಾತ್ರಿ ಎಲ್ಲಿ ಮಲಗೋಣ ಎಂದು ಕೇಳಿದ್ದಕ್ಕೆ, ತುಂಗಭದ್ರೆ ದಂಡೆ ಅಷ್ಟುದ್ದ ಬಿದ್ದಿದೆ, ಹೋಗಿ ಬಿದ್ದುಕೊಳ್ಳಿ ಎಂದು ಬಕ್ಕೇಶಪ್ಪ ಹೊಳೆಯನ್ನೇ ದಾನ ಮಾಡಿದ್ದ.

ಈಗ ಅವನಿಗೇ ಊರಮ್ಮ ಬೇಕಾಗಿದ್ದಳು. ಹೊಸ ಕಟ್ಟಡ, ಹಾಲು ಉಕ್ಕಿಸದೆ ದೊಡ್ಡವರನ್ನು ಒಳಗೆ ಕರೆಯಬಾರದು ಎಂದು ಅಯ್ಯನೋರು ಹೇಳಿದ್ದರು. ಉಕ್ಕಿಸುವವರು ಯಾರು? ಹಾಲು ಉಕ್ಕಿಸಿದವರಿಗೆ ಆ ಮನೆಯ ವಾಸ ಖಾಯಂ ಎಂಬುದು ಎಲ್ಲರೂ ಬಲ್ಲ ಮಾತು. ಬಕ್ಕೇಶಪ್ಪನ ಹೆಂಡತಿ ಸರ್ವಮಂಗಳಮ್ಮ ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ರೇಷ್ಮೆ ಸೀರೆ ಉಟ್ಟು ಬಂದವಳು ಕಾರಿನಿಂದ ಇಳಿಯಲೇ ಇಲ್ಲ. ಎಂಜಿನಿಯರ್ ಮಹಾಂತೇಶನ ಹೆಂಡತಿಗೆ ದಿಢೀರನೆ ಸೊಂಟ ಹಿಡಿಯಿತು. ಅಯ್ಯನೋರಂತೂ ಮಂತ್ರವನ್ನು ಗೇಟಿನ ಆಚೆಯಿಂದಲೇ ಹೇಳಿ ಮುಗಿಸಿದರು. ಜೈಲುವಾಸ ಬಂದರೆ ಕೂಲಿಯವಳಿಗೆ ಬರಲಿ ಎಂದು ಊರಮ್ಮನನ್ನು ಕರೆದದ್ದು. ಸರ್ವಮಂಗಳಮ್ಮನ ಮನೆಯ ನೆಲಕ್ಕೆ ಕಲ್ಲು ಹೊತ್ತವಳೂ ಇವಳೇ. ನೆಲ ಮುಗಿದ ಮೇಲೆ ಆ ಹೊಸ್ತಿಲು ದಾಟಲು ಮಾತ್ರ ಬಿಟ್ಟಿರಲಿಲ್ಲ.

ಹೆಂಗಸರ ಕೋಣೆಯಲ್ಲಿ ಊರಮ್ಮ ಮೂರು ಇಟ್ಟಿಗೆ ಹೂಡಿ ಒಲೆ ಹಚ್ಚಿದಳು. ಊದುತ್ತ ಸುತ್ತಲೂ ನೋಡಿದಳು. ಮೇಲೆ ಫ್ಯಾನು, ಮೂಲೆಯಲ್ಲಿ ನಲ್ಲಿ, ಬಾಗಿಲಿರುವ ಕಕ್ಕಸು. ಹಡೆದ ಮಗಳು ಬೆಳಕು ಹರಿಯುವ ಮೊದಲೇ ಜಾಲಿ ಗಿಡದ ಮರೆಗೆ ಓಡುತ್ತಾಳೆ. ಊರಮ್ಮನ ಹೊಟ್ಟೆ ಒಲೆಗಿಂತ ಜೋರಾಗಿ ಉರಿಯಿತು. ಹಾಲು ಪೂರ್ವಕ್ಕೇ ಉಕ್ಕಿತು.

“ಉಕ್ತಲ್ಲ, ಎದ್ದು ಹೊರಗ್ ಬಾ ಇನ್ನ,” ಎಂದ ಬಕ್ಕೇಶಪ್ಪ.

“ಹೆಂಗ್ ಬರಾದು ಸಾವ್ಕಾರ್ರೆ? ಹಾಲುಕ್ಕಿಸ್ದೋರು ಅವತ್ತು ರಾತ್ರಿ ಆ ಮನ್ಯಾಗೆ ಮಲಗ್ಬೇಕು. ಇಲ್ದಿದ್ರೆ ಕಟ್ಟಿಸ್ದೋರಿಗೆ ಕೇಡು.”

ಬಕ್ಕೇಶಪ್ಪ ಗೇಟಿನತ್ತ ನೋಡಿದ. ಅಯ್ಯನೋರು ಅಲ್ಲಿಂದಲೇ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ರೇವತಿ ಕೂಸಿನ ಸಮೇತ ಒಳಗೆ ಬಂದಾಗಿತ್ತು. ಊರಮ್ಮನ ಗಂಡ ಗಿಡ್ಡಪ್ಪ ಚಾಪೆ ಕೊಟ್ಟು, ಹೆಂಗಸರ ಜೈಲೆಂದು ನಾಚಿಕೊಂಡು ಹೊರಗೇ ನಿಂತ. ಜೈಲಿನ ಬಾಗಿಲಿಗೆ ಒಳಗೆ ಚಿಲಕವೆಲ್ಲಿ? ಊರಮ್ಮ ಕಂಬಿ ಸಂದಿಯಿಂದ ಕೈ ಚಾಚಿ ಹೊರಗಿನ ಬೀಗ ಜಡಿದು, ಅದರಲ್ಲೇ ಇದ್ದ ಕೀಲಿಯನ್ನು ಕುಪ್ಪಸದೊಳಗೆ ಇಳಿಸಿದಳು. ಬಕ್ಕೇಶಪ್ಪ ಅವಳ ವಂಶವನ್ನೆಲ್ಲ ಎತ್ತಿ ಬಯ್ಯುತ್ತಿರುವಾಗಲೇ ಕಾರುಗಳು ಬಂದವು.

ಯುದ್ಧ ಮುಗಿದ ಯಾವುದೋ ದೇಶದಲ್ಲಿ ಇಂಥದೇ ಜೈಲು ನೋಡಿ ನೇರ ಇಲ್ಲಿಗೆ ಬಂದಿದ್ದ ಪರದೇಶದ ಹೆಂಗಸು ಬಾಣಂತಿಯನ್ನು ಕಂಡು ನಿಂತುಬಿಟ್ಟಳು. ಕೈದಿಗಳು ಇನ್ನೂ ಬಂದಿಲ್ಲ ಎಂದಿರಿ, ಇವರು ಮಾಡಿದ ತಪ್ಪೇನು ಎಂದು ಕೇಳಿದಳು. ಮಹಾಂತೇಶ ಬೆವರುತ್ತ ಆ ಪ್ರಶ್ನೆಯನ್ನು ಊರಮ್ಮನಿಗೆ ಕನ್ನಡದಲ್ಲಿ ಹೇಳಿದ.

“ಜೈಲು ಕಟ್ಟಿದ್ದೇ ತಪ್ಪು ಕಣಮ್ಮ. ನಮ್ ಶೆಡ್ ಕೆಡವ್ಯಾರೆ. ತಿರುಗಿ ಎತ್ತಿ ಕೊಡೋ ತನ್ಕ ಕೀಲಿ ಕೊಡಲ್ಲ.”

ಮಹಾಂತೇಶ ಇದನ್ನು ನಾಡಿನ ಸಂಪ್ರದಾಯ, ಶುಭ ಹಾರೈಕೆ ಎಂದೇನೋ ಇಂಗ್ಲಿಷಿಗೆ ತಿರುಗಿಸಿದ. ಅವಳು ನಂಬಿದಂತೆ ಕಾಣಲಿಲ್ಲ. ಆದರೆ ಊರಮ್ಮ ಕಂಬಿಯಾಚೆ ಚಾಚಿದ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಾಲು ಕುಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಇನ್ನು ನಿಮ್ಮ ಸರದಿ ಎಂಬಂತೆ ಬಕ್ಕೇಶಪ್ಪನನ್ನು ನೋಡಿದಳು.

ಎರಡನೇ ಲೋಟ ಬಂತು. ಬಕ್ಕೇಶಪ್ಪ ಊರಮ್ಮನ ಕೈಯಿಂದ ನೀರು ಕೂಡ ಮುಟ್ಟಿದವನಲ್ಲ. ಕುಡಿದರೆ ಜಾತಿ ಹೋಗುತ್ತದೆ, ಬಿಟ್ಟರೆ ಬಿಲ್ಲು ಹೋಗುತ್ತದೆ. ಲೋಟ ಹಿಡಿದು ನಿಂತೇ ಇದ್ದ, ಹಾಲಿನ ಮೇಲೆ ಕೆನೆ ಕಟ್ಟಿತು.

ಊರಮ್ಮ ಕೂಸಿನ ಪಕ್ಕದಲ್ಲಿ ಕಾಲು ಚಾಚಿ ಕೂತಳು.

“ಸಾವಕಾಶ ಕುಡೀರಿ ಸಾವ್ಕಾರ್ರೆ. ನಾನೆಲ್ಲೂ ಹೋಗಲ್ಲ.”