ಎಮ್ಮೆಕಲ್ಲಿನ ಎಂಟು ಕೋಲುಗಳು

ನಾನು ಒಂದು ಟ್ರೈಪಾಡ್. ಕ್ಯಾಮೆರಾ ಹೊತ್ತು ನಿಲ್ಲುವ ಮೂರು ಕಾಲಿನ ಬಡಪಾಯಿ. ಗದಗಿನಲ್ಲಿ ನನ್ನನ್ನು ಯಾರೂ ಆ ಹೆಸರಿನಿಂದ ಕರೆದವರಲ್ಲ, ಎಲ್ಲರ ಬಾಯಲ್ಲೂ ನಾನು ಬರೀ ಸ್ಟ್ಯಾಂಡು. ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಕೊಳವೆ ಕತ್ತರಿಸುವ ಗರಗಸದ ಸದ್ದೇ ನಾನು ಮೊದಲು ಕೇಳಿದ್ದು, ಅವತ್ತು ಬೆಚ್ಚಿಬಿದ್ದವನು ಇನ್ನೂ ಸುಧಾರಿಸಿಕೊಂಡಿಲ್ಲ. ಹುಟ್ಟು ಪುಕ್ಕಲ ನಾನು. ನನ್ನ ಗ್ರಹಚಾರ ನೋಡಿ, ಅಲುಗಾಡದೆ ನಿಲ್ಲುವುದೇ ನನ್ನ ಕೆಲಸ. ಒಳಗೆ ಎಷ್ಟೇ ಪುಕುಪುಕು ಎನ್ನುತ್ತಿದ್ದರೂ ಹೊರಗೆ ಕಾಲು ನಡುಗುವಂತಿಲ್ಲ. ನಡುಗಿದರೆ ಮದುಮಗಳ ಮುಖ ಮಸುಕಾಗುತ್ತದೆ.

ನನ್ನನ್ನು ಮೊದಲು ಕೊಂಡು ತಂದವರು ಗದಗಿನಲ್ಲಿ ಸ್ಟುಡಿಯೋ ಇಟ್ಟಿದ್ದ ಸಂಗನಬಸಪ್ಪ ಮುಳಗುಂದ. ಅವರ ಜೊತೆ ಇಪ್ಪತ್ತು ವರ್ಷ ಮದುವೆ, ತೊಟ್ಟಿಲು, ಸೀಮಂತ ಸುತ್ತಿದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಮಂದಿ ನುಗ್ಗಿ ಬಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಸಂಗನಬಸಪ್ಪನವರು ಒಂದು ಕೈ ನನ್ನ ಹೆಗಲ ಮೇಲೆ ಇಟ್ಟೇ ಇರುತ್ತಿದ್ದರು. ಒಮ್ಮೆಯೂ ನನ್ನನ್ನು ಬೀಳಿಸಲಿಲ್ಲ. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟಾಗ, ಸ್ಟುಡಿಯೋದ ಬೀಗದಕೈ ಜೊತೆ ನನ್ನನ್ನೂ ಅಕ್ಕನ ಮಗಳು ನೀಲಗಂಗಾಳ ಕೈಗೆ ಕೊಟ್ಟರು. "ಇದನ್ನ ಜ್ವಾಪಾನ ಮಾಡವಾ," ಎಂದರು. ಸ್ವಂತ ಮಗುವನ್ನು ಬಿಟ್ಟುಹೋಗುವವರ ದನಿ ಅದು. ನನಗೆ ಅಳು ಬಂತು, ಸುರಿಸಲು ಕಣ್ಣೀರಿರಲಿಲ್ಲ.

ನೀಲಗಂಗಾ ಜೋರು ಹೆಂಗಸು. ಬೀಗರ ಕಡೆಯವರು ನಾಲ್ಕು ಜನ ಒಟ್ಟಿಗೆ ಕೂಗಾಡಿದರೂ ಅವರ ದನಿಯ ಮೇಲೆ ತನ್ನ ದನಿ ಏರಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವವಳು. ಮಂದಿ ಆಕೆಗೆ ಹೆದರಿಕೆಯೇ ಇಲ್ಲ ಎಂದುಕೊಂಡಿದ್ದರು. ಆದರೆ ನಾನು ಆಕೆಯನ್ನು ನೋಡುವುದು ಕೆಳಗಿನಿಂದ. ಅಂಜಿದಾಗ ಆಕೆಯ ಕಾಲ್ಬೆರಳುಗಳು ಚಪ್ಪಲಿಯೊಳಗೇ ಮುದುಡಿಕೊಳ್ಳುತ್ತವೆ. ದನಿ ಎಷ್ಟು ಜೋರಾಗುತ್ತದೋ ಬೆರಳು ಅಷ್ಟು ಮುದುಡುತ್ತವೆ.

ಮದುವೆ ಫೋಟೊ ತೆಗೆದು ತೆಗೆದು ಬೇಸತ್ತು ಆಕೆ ಎರಡು ಸಲ ಸಮುದ್ರಕ್ಕೆ ಹೋಗಿಬಂದಿದ್ದಳು. ಅಲ್ಲಿ ತೆಗೆದ ಚಿತ್ರಗಳನ್ನು ಸ್ಟುಡಿಯೋದ ಗೋಡೆಗೆ ಹಾಕಿದ ಮೇಲೆ, ನಮಗೂ ಕಲಿಸಿ ಎಂದು ಜನ ಬೆನ್ನುಬಿದ್ದರು. ಈಕೆಯೂ ಉಬ್ಬಿಹೋಗಿ ಕಡಲತೀರದ ಫೋಟೊ ಶಿಬಿರ ಎಂದು ಸಾರಿಯೇಬಿಟ್ಟಳು. ಎಂಟು ಜನ ಹೆಸರು ಕೊಟ್ಟರು. ಅವರಲ್ಲಿ ನಿವೃತ್ತ ಮೇಷ್ಟ್ರು ವಿರೂಪಾಕ್ಷಯ್ಯನವರು ಎಲ್ಲರಿಗಿಂತ ಹಿರಿಯರು, ಡಿಗ್ರಿ ಓದುವ ಸುಹಾಸಿನಿ ಎಲ್ಲರಿಗಿಂತ ಕಿರಿಯಳು. ಎಂಟರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ನೀಲಗಂಗಾಳಿಗೂ ಬರುತ್ತಿರಲಿಲ್ಲ. ಆ ವಿಷಯ ಯಾರ ತಲೆಗೂ ಹೊಳೆಯಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಜಾಗ ನೋಡಿ ಬರಲು ಆಕೆಗೆ ಬಿಡುವು ಸಿಕ್ಕಿದ್ದು ಅಮಾವಾಸ್ಯೆಯ ದಿನ. ಮದುವೆ ಫೋಟೊದವರ ಬದುಕೇ ಹಾಗೆ. ಒಳ್ಳೆಯ ತಿಥಿಗಳೆಲ್ಲ ಮಂದಿಯ ಮದುವೆಗೆ ಹೋಗುತ್ತವೆ. ಅಮಾವಾಸ್ಯೆಗೆ ಯಾರೂ ತಾಳಿ ಕಟ್ಟುವುದಿಲ್ಲವಲ್ಲ, ಅದೊಂದು ದಿನ ನಮಗೆ ರಜೆ. ನಸುಕಿಗೇ ಬಸ್ಸು ಹತ್ತಿ ಕುಮಟಾಕ್ಕೆ ಹೋದೆವು, ಅಲ್ಲಿಂದ ಆಟೋ ಹಿಡಿದು ಒಂದು ಪುಟ್ಟ ಕಡಲತೀರಕ್ಕೆ. ದಡದಿಂದ ಐವತ್ತು ಹೆಜ್ಜೆ ಆಚೆ ಒಂದು ಕರಿ ಬಂಡೆ ಎಮ್ಮೆಯ ಹಾಗೆ ಮಲಗಿತ್ತು. ಊರವರು ಅದನ್ನು ಎಮ್ಮೆಕಲ್ಲು ಎನ್ನುತ್ತಾರಂತೆ. ಮಧ್ಯಾಹ್ನ ಮೂರಕ್ಕೆ ನಾವು ತಲುಪಿದಾಗ ದಡಕ್ಕೂ ಕಲ್ಲಿಗೂ ನಡುವೆ ಪಾದ ಮುಳುಗುವಷ್ಟು ನೀರಿತ್ತು. ಐದಕ್ಕೆ ಅದೂ ಇಳಿದು ಬರೀ ಹಸಿ ಮರಳು ಉಳಿಯಿತು. ಹೊತ್ತು ಮುಳುಗುವಾಗ ಕಲ್ಲಿನ ಮೇಲೆ ಅಲ್ಲಲ್ಲಿ ನಿಂತ ನೀರಿನಲ್ಲಿ ಬಾನೆಲ್ಲ ಕೆಂಪಾಗಿ ಬಿದ್ದಿತ್ತು. ನೀಲಗಂಗಾ ಚೀಟಿಯಲ್ಲಿ ಬರೆದುಕೊಂಡಳು: ಮೂರಕ್ಕೆ ಪಾದದಷ್ಟು ನೀರು, ಐದಕ್ಕೆ ಒಣ. ಗಡಿಯಾರ ನೋಡಿ ಬರೆದಳು. ಅದೇ ಆಕೆ ಮಾಡಿದ ತಪ್ಪು.

ಎಂಟು ದಿನ ಕಳೆದು, ಶಿಬಿರದ ಹಿಂದಿನ ದಿನ, ನಾವಿಬ್ಬರೇ ಮತ್ತೆ ಅಲ್ಲಿಗೆ ಹೋದೆವು. ಸಾಲು ಫೋಟೊಗೆ ಯಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ಗುರುತು ಮಾಡುವುದು ಆಕೆಯ ರೂಢಿ. ಅದಕ್ಕೆಂದೇ ಎಂಟು ಬಿದಿರಿನ ಕೋಲು ತಂದಿದ್ದಳು, ಒಂದೊಂದಕ್ಕೂ ಮದುವೆಯ ಕೆಂಪು ರಿಬ್ಬನ್ನು, ಪ್ಲಾಸ್ಟಿಕ್ಕಿನೊಳಗೆ ಒಬ್ಬೊಬ್ಬರ ಹೆಸರಿನ ಚೀಟಿ. ಮೂರು ಗಂಟೆಗೆ ಪಾದ ಮುಳುಗುವಷ್ಟು ನೀರು. ಚೀಟಿಯಲ್ಲಿ ಬರೆದಂತೆಯೇ ಇತ್ತು. ಆಕೆ ಸೀರೆ ಎತ್ತಿ ಸಿಕ್ಕಿಸಿ, ನನ್ನನ್ನು ಹೆಗಲಿಗೇರಿಸಿ ಖುಷಿಯಾಗಿ ದಾಟಿದಳು.

ನನ್ನನ್ನು ಕಲ್ಲಿನ ಅಂಚಿನಲ್ಲಿ ನಿಲ್ಲಿಸಿ, ತಲೆಯ ಮೇಲೆ ಕ್ಯಾಮೆರಾ ಕೂರಿಸಿ, ಆಕೆ ಬಿರುಕುಗಳಲ್ಲಿ ಕೋಲು ಸಿಕ್ಕಿಸುತ್ತ ಹೋದಳು. "ಮೇಷ್ಟ್ರು ಇಲ್ಲಿ. ಅವ್ರಿಗೆ ಮಣಕಾಲು ನೋವು, ದಡದ ಕಡೆ ಇರಲಿ. ಸುಹಾಸಿನಿ ಮುಂದ ನಿಂದ್ರತಾಳ, ಸಣ್ಣಾಕಿ," ಎಂದು ತನ್ನಷ್ಟಕ್ಕೇ ಮಾತು. ಆಗ ನನ್ನ ಕಾಲಿನ ರಬ್ಬರಿಗೆ ತಣ್ಣಗೆ ಏನೋ ತಗುಲಿತು. ನೀರು. ಬಂದದ್ದು ಹೋಯಿತು. ಮತ್ತೆ ಬಂದದ್ದು ಪೂರ್ತಿ ಹೋಗಲಿಲ್ಲ. ಅಯ್ಯೋ, ಇಳಿಯಬೇಕಾದ ನೀರು ಏರುತ್ತಿದೆ ಎಂದು ಕಿರುಚಬೇಕೆನಿಸಿತು. ನನಗೆ ಬಾಯಿ ಎಲ್ಲಿಂದ ಬರಬೇಕು? ಆಕೆ ದಡದ ಕಡೆಗೆ ಬೆನ್ನು ಮಾಡಿ ಆರನೆಯ ಕೋಲು ನೆಡುತ್ತಿದ್ದಳು.

ದಡದಲ್ಲಿ ಬುಟ್ಟಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಮಾದೇವಿ ಅಂಬಿಗ, ಐವತ್ತು ದಾಟಿದವಳು, ಬಂಡೆಗಂಟಿದ ಚಿಪ್ಪಿ ಕಿತ್ತು ಮಾರಿ ಜೀವನ ಮಾಡುವವಳು.

"ಓ ತಂಗೀ, ಎಂತಾ ಮಾಡ್ತೆ ಅಲ್ಲಿ? ನೀರು ಏರ್ತಾ ಅದೆ, ಬಾ ಈಚೆಗೆ."

"ಇಳೀತೈತಿ ಬಿಡ್ರಿ ಯಕ್ಕಾ," ನೀಲಗಂಗಾ ತಿರುಗದೆಯೇ ಕೂಗಿದಳು. "ಐದಕ್ಕ ಪೂರಾ ಒಣಗತೈತಿ. ನಾ ಬಂದು ನೋಡೇನಿ."

"ಯಾವತ್ತು ನೋಡಿದ್ದು?"

"ಅಮಾಸಿ ದಿನ."

ಮಾದೇವಿ ಬುಟ್ಟಿ ಕೆಳಗಿಟ್ಟಳು. "ಇವತ್ತು ಅಷ್ಟಮಿ. ಅಮಾಸೆ ಸಂಜೆ ನೀರು ಇಳೀತದೆ, ಅಷ್ಟಮಿ ಸಂಜೆ ಏರ್ತದೆ. ಎಲ್ಲಾ ಬಿಟ್ಟು ಬಾ."

ತಿಥಿ! ಮದುವೆಯ ಮುಹೂರ್ತಕ್ಕೆಂದು ದಿನಾ ಹತ್ತು ಸಲ ಪಂಚಾಂಗ ನೋಡುವವಳು, ಅದೇ ಪಂಚಾಂಗದ ಲೆಕ್ಕದಲ್ಲಿ ಸಮುದ್ರವೂ ನಡೆಯುತ್ತದೆಂದು ಯೋಚಿಸಿಯೇ ಇರಲಿಲ್ಲ. ಆಗ ತಿರುಗಿ ನೋಡಿದಳು. ಬಂದ ದಾರಿ ಇರಲಿಲ್ಲ. ಆಕೆಯ ಕಾಲ್ಬೆರಳುಗಳು ಕಲ್ಲನ್ನು ಕಚ್ಚಿ ಹಿಡಿದಿದ್ದವು.

ಕ್ಯಾಮೆರಾ ಬಿಚ್ಚಿ ಚೀಲಕ್ಕೆ ತುರುಕಿ ಕೊರಳಿಗೆ ಹಾಕಿಕೊಂಡಳು. ನನ್ನ ಕಾಲುಗಳನ್ನು ಜೋಡಿಸಿ ಊರುಗೋಲು ಮಾಡಿಕೊಂಡು ನೀರಿಗಿಳಿದಳು. ಮೊದಲು ಮೊಣಕಾಲು, ಆಮೇಲೆ ಸೊಂಟ. ಉಪ್ಪುನೀರು ನನ್ನ ಕೀಲುಗಳೊಳಗೆಲ್ಲ ನುಗ್ಗಿತು. ನಾನು ಅಷ್ಟು ಹೆದರಿದ್ದು ಇನ್ಯಾವತ್ತೂ ಇಲ್ಲ. ಅರ್ಧ ದಾರಿಯಲ್ಲಿ ನನ್ನ ಒಂದು ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ. ಅತ್ತ ಮಾದೇವಿ ಎದೆಮಟ್ಟದ ನೀರಿಗೆ ಬಂದು ಕೈ ಚಾಚಿದ್ದಳು.

"ಅದನ್ನ ಬಿಡು, ಕೈ ಕೊಡು."

"ಬಿಡಾಕ ಆಗಂಗಿಲ್ರಿ. ನಮ್ಮ ಮಾವಂದು ಇದು."

ನಿಜ ಹೇಳುತ್ತೇನೆ, ನಾಚಿಕೆಯೇನಿಲ್ಲ. ಬಿಡಬೇಡ ತಾಯಿ ಎಂದೇ ನಾನು ಬೇಡಿಕೊಂಡೆ. ಒಬ್ಬನೇ ಆ ನೀರಿನಲ್ಲಿ ಉಳಿಯುವುದು ನನಗೆ ಬೇಡವಾಗಿತ್ತು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂತು. ನೀರಿನೊಳಗೆ ಆಕೆಯ ಎರಡೂ ಪಾದ ಮರಳು ಬಿಟ್ಟು ಮೇಲೆದ್ದದ್ದು ಕಂಡಿತು. ಆಗ ನನ್ನ ಸ್ವಂತದ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿಡು, ನನ್ನನ್ನು ಬಿಡು ಎಂದು ಒಳಗೊಳಗೇ ಅರಚಿದೆ. ಆಕೆ ಬಿಟ್ಟಳು. ಮಾದೇವಿ ಆಕೆಯ ರಟ್ಟೆ ಹಿಡಿದು ಎಳೆದುಕೊಂಡಳು.

ಅವರಿಬ್ಬರೂ ದಡ ಸೇರಿದ್ದನ್ನು ನಾನು ಅಲೆ ಬಂದಾಗ ಮುಳುಗುತ್ತ, ಹೋದಾಗ ತಲೆಯೆತ್ತುತ್ತ ನೋಡಿದೆ. ಇತ್ತ ಕಲ್ಲಿನ ಮೇಲೆ ಆಕೆ ನೆಟ್ಟ ಆರು ಕೋಲುಗಳಿದ್ದವು, ಇನ್ನೆರಡು ಪಕ್ಕದಲ್ಲಿ ಬಿದ್ದಿದ್ದವು. ಬಿದ್ದವೆರಡು ಮೊದಲು ತೇಲಿಹೋದವು. ಆಮೇಲೆ ಮುಂದೆ ನಿಂತಿದ್ದ ಸುಹಾಸಿನಿಯ ಕೋಲು ಬಾಗಿತು, ಎದ್ದಿತು, ಮತ್ತೆ ಬಾಗಿ ಕಾಣದಾಯಿತು. ಐದೂವರೆಗೆ ಮೇಷ್ಟ್ರ ಕೋಲೊಂದೇ ಉಳಿದಿತ್ತು. ಮುಂದಿನ ಅಲೆ ಅದನ್ನೂ ಕಿತ್ತುಕೊಂಡು ಹೋಯಿತು. ಮರುದಿನ ಅದೇ ಹೊತ್ತಿಗೆ ಆ ಎಂಟು ಜನ ಅಲ್ಲಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನಿಂತಿರಬೇಕಾಗಿತ್ತು.

ಬೆಳಿಗ್ಗೆ ನೀರಿಳಿದ ಮೇಲೆ ಮಾದೇವಿ ನನ್ನನ್ನು ಬಿಡಿಸಿ ತಂದಳು. ಒಂದು ಕಾಲು ಸೊಟ್ಟಗಾಗಿತ್ತು, ಕೀಲುಗಳಲ್ಲಿ ಮರಳು ಕಚ್ಚಿತ್ತು. ಶಿಬಿರದವರು ಬಂದಾಗ ಎಮ್ಮೆಕಲ್ಲು ಒಣಗಿ ಬಲು ಸಾಧುವಾಗಿ ಮಲಗಿತ್ತು. "ಎಂಥಾ ಜಾಗ ಹುಡುಕೀರಿ ಮೇಡಮ್ಮಾರ," ಎಂದರು. ನೀಲಗಂಗಾ ಇಡೀ ದಿನ ದಡದಲ್ಲೇ ಕಲಿಸಿದಳು. ಸಂಜೆ ಐದರ ಹೊತ್ತಿಗೆ ಮಾದೇವಿಯನ್ನು ಜೊತೆಗೆ ನಿಲ್ಲಿಸಿಕೊಂಡು, ಎಲ್ಲರನ್ನೂ ಎತ್ತರದ ಮರಳಿನ ಮೇಲೆ ಕೂರಿಸಿ, ಕ್ಯಾಮೆರಾ ಮುಚ್ಚಿಸಿ, ಸುಮ್ಮನೆ ಕಲ್ಲು ನೋಡಿರಿ ಎಂದಳು. ನೀರು ಏರಿತು. ಕಲ್ಲಿನ ಅಂಚು ಹೋಯಿತು, ನಡುವೂ ಹೋಯಿತು.

"ಈ ಹೊತ್ತಿಗೆ ನಿಮ್ಮನ್ನ ಅಲ್ಲಿ ನಿಂದ್ರಸಾಕ ಜಾಗಾ ಗುರ್ತು ಮಾಡಿದ್ದೆ," ಎಂದಳು ನೀಲಗಂಗಾ. ಆಕೆಯ ದನಿ ಅಷ್ಟು ಸಣ್ಣಗಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಂಗ ತಿಳೀಲಿಲ್ಲ. ತಪ್ಪಾತು. ಈ ಅಕ್ಕ ಹೇಳಿದ್ದಕ್ಕ ತಿಳೀತು."

ವಿರೂಪಾಕ್ಷಯ್ಯನವರು ಕೇಳಿದರು, "ನನ್ನ ಜಾಗಾ ಎಲ್ಲಿತ್ತವಾ?"

ಆಕೆ ಬೆರಳು ತೋರಿಸಿದಳು. ಅಲ್ಲಿ ಬಿಳಿ ನೊರೆ ಕುದಿಯುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು ಕೇಳಿದರು, ಆಕೆ ತೋರಿಸುತ್ತ ಹೋದಳು. ಸುಹಾಸಿನಿ ಮಾತ್ರ ಕೇಳಲಿಲ್ಲ. ಅವಳ ಜೊತೆಗೆ ಬಂದಿದ್ದ ತಾಯಿ ಮಗಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ನಾನೀಗ ಕ್ಯಾಮೆರಾ ಹೊರಲಾರೆ. ನೀರಿನಿಂದ ಬಿಡಿಸಿ ತಂದವಳ ಹತ್ತಿರವೇ ಇರಲಿ ಎಂದು ನೀಲಗಂಗಾ ನನ್ನನ್ನು ಮಾದೇವಿಯ ಮನೆಯಲ್ಲೇ ಬಿಟ್ಟುಹೋದಳು. ಹೋಗುವಾಗ ಸೊಟ್ಟ ಕಾಲನ್ನು ಸೆರಗಿನಿಂದ ಒರೆಸಿದಳು. ಅಡುಗೆಮನೆಯ ಮೂಲೆಯಲ್ಲಿ ದೋಣಿಯ ಹುಟ್ಟುಗಳ ಪಕ್ಕ ಒರಗಿದ್ದೇನೆ, ಒಮ್ಮೊಮ್ಮೆ ನನ್ನ ಮೇಲೆ ಒದ್ದೆ ಪಂಚೆ ಒಣಗುತ್ತದೆ. ಮುಪ್ಪು ಬಂದರೆ ಭಯ ಕಡಿಮೆಯಾಗುತ್ತದೆಂದು ಯಾರು ಹೇಳಿದರೋ ಕಾಣೆ, ನನಗಂತೂ ಆಗಿಲ್ಲ. ಈಗಲೂ ಅಷ್ಟಮಿಯ ಸಂಜೆ ಅಲೆಯ ಸದ್ದು ಹತ್ತಿರವಾದರೆ ಮೈ ಜುಮ್ಮೆನ್ನುತ್ತದೆ. ಆಗ ಅವತ್ತು ಮರಳಿನ ಮೇಲೆ ಕೂತಿದ್ದ ಶಿಬಿರದವರನ್ನು ಎಣಿಸುತ್ತೇನೆ. ಮೇಷ್ಟ್ರಿಂದ ಶುರುಮಾಡಿ ಸುಹಾಸಿನಿಯವರೆಗೆ ಎಣಿಸುತ್ತೇನೆ. ಎಂಟು ಜನ ಇದ್ದಾರೆ. ಇನ್ನೊಮ್ಮೆ ಎಣಿಸುತ್ತೇನೆ. ಎಂಟೂ ಜನ ಇದ್ದಾರೆ.