ಒರೆಸಿದರೂ ಹೋಗದ ಚುಕ್ಕೆ

ಆ ಸಿನಿಮಾದ ನಾಯಕ ಮಾರ್ಫಿನ್ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದ ಪಿಟೀಲುಗಾರ. ಅವನ ತೋಳಿನ ಮೇಲೆ ಸೂಜಿ ಗುರುತು ಬರೆಯುವುದು ಮೇಕಪ್‌ನವಳ ಕೆಲಸ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲವಲ್ಲ, ಹಾಗಾಗಿ ಕನ್ನಡಿಯ ಪಕ್ಕ ಒಂದು ಪಟ್ಟಿ ಅಂಟಿಸಿಕೊಂಡಿದ್ದಳು. ಮದುವೆಗೆ ಮುಂಚೆ ತೋಳು ಖಾಲಿ. ಕೆಲಸ ಹೋದಾಗ ನಾಲ್ಕು ಚುಕ್ಕೆ. ಪಿಟೀಲು ಮಾರಿದ ದಿನ ಹನ್ನೊಂದು. ಸಂಜೆ ಅಷ್ಟನ್ನೂ ಸ್ಪಿರಿಟ್ ಹತ್ತಿಯಿಂದ ಒರೆಸಿ ನಟನನ್ನು ಮನೆಗೆ ಕಳಿಸಬೇಕು. ನಟ ಅವಳ ಅಕ್ಕನ ಗಂಡ.

ಪಿಟೀಲು ಮಾರುವ ದೃಶ್ಯ ತೆಗೆದ ಸಂಜೆ ಹನ್ನೊಂದನ್ನೂ ಒರೆಸಿದಳು. ಮೊಣಕೈ ಮಡಿಕೆಯಲ್ಲಿ ಇನ್ನೊಂದು ಉಳಿಯಿತು.

“ಏನ್ ಗುಬ್ಬಿ, ಚರ್ಮ ಕಿತ್ತು ಬರೋ ಹಾಗೆ ಉಜ್ತಿದೀಯ? ನಾಳೆಗೂ ಬೇಕು ಈ ಕೈ.”

“ಇದು ನಾನು ಬರೆದಿದ್ದಲ್ಲ ಭಾವ.”

“ಸೊಳ್ಳೆ.”

“ನರ ಹುಡುಕಿ ಕಚ್ಚುತ್ತಾ ಸೊಳ್ಳೆ?”

ಅವನು ಕೈ ಹಿಂದಕ್ಕೆಳೆದುಕೊಂಡ. ಅವಳು ಕೇಳದೆಯೇ ಅವನ ಬಲಗೈ ಅಂಗಿಯ ತೋಳನ್ನೂ ಮಡಚಿದಳು. ಅಲ್ಲಿ ಮೂರಿದ್ದವು.

“ಹೇಗಿರುತ್ತೆ ಅಂತ ಗೊತ್ತಿಲ್ದೆ ನಟಿಸೋದು ಹೇಗೆ ಅಂತ ಒಂದ್ಸಲ ತಗೊಂಡೆ,” ಎಂದ. “ಆಮೇಲೆ... ನಾಳೆ ಮದುವೆಗೆ ಮುಂಚಿನ ದೃಶ್ಯ. ಬಣ್ಣ ಹಚ್ಚಿ ಮುಚ್ಚಿಬಿಡು. ಅಕ್ಕನಿಗೆ ಗೊತ್ತಾಗೋದು ಬೇಡ.”

“ಮುಚ್ಚಿದ್ರೆ ಚೆನ್ನಾಗೇ ಮುಚ್ತೀನಿ ಭಾವ. ಅದೇ ಭಯ.”

ಬಾಗಿಲು ತಟ್ಟಿ ನಿರ್ದೇಶಕರು ಇಣುಕಿದರು. “ಮುಗೀತೇನಮ್ಮ?”

ಅವಳು ಭಾವನ ಮುಖವನ್ನೇ ನೋಡಿದಳು. ಅವನು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ. “ಒಳಗೆ ಬನ್ನಿ ಸರ್,” ಎಂದು ಎರಡೂ ಕೈ ಮುಂದೆ ಚಾಚಿದ.

ನಿರ್ದೇಶಕರು ಕನ್ನಡಕ ಏರಿಸಿ ಬಗ್ಗಿದರು. ಮುಖ ಅರಳಿತು. “ಭೇಷ್! ಇಷ್ಟು ದಿನ ಬರೆದಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ. ಈ ನೀಲಿ ಬಣ್ಣ ಹೇಗೆ ತಂದ್ಯಮ್ಮ?”

ಅವಳು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅವರ ಕೈಗಿಟ್ಟಳು.

ಅವರು ಒಮ್ಮೆ ಒರೆಸಿದರು. ಮತ್ತೊಮ್ಮೆ, ಮೆಲ್ಲಗೆ. ಮೂರನೆಯ ಸಲ ಒರೆಸಲಿಲ್ಲ. ಸ್ಟೂಲ್ ಎಳೆದು ಕೂತು, “ಎಷ್ಟು ದಿನದಿಂದ?” ಎಂದರು.

“ಮೂರು ವಾರ.”

“ನಾಳೆ ಶೂಟಿಂಗ್ ಇಲ್ಲ,” ಎಂದು ಎದ್ದರು. “ನಿರ್ಮಾಪಕರ ಬೈಗುಳ ನಾನು ತಿಂತೀನಿ. ನೀವು ಡಾಕ್ಟರ ಹತ್ತಿರ ಹೋಗಿ.”

ಭಾವ ಎದ್ದು ಕಾರಿಡಾರಿನ ಫೋನಿನ ಹತ್ತಿರ ಹೋದ. ಅವನು ಅಕ್ಕನ ಜೊತೆ ಮಾತಾಡಿದ್ದು ಅವಳಿಗೆ ಒಳಗೇ ಕೇಳಿಸಿತು.

“ನಾನೇ. ಇಲ್ಲ, ಏನೂ ಪೆಟ್ಟಾಗಿಲ್ಲ. ನೀನಿಲ್ಲಿಗೆ ಬಾ. ಬಂದ್ಮೇಲೆ ಹೇಳ್ತೀನಿ... ಹ್ಞೂಂ, ನಾನೇ ಹೇಳ್ತೀನಿ.”